ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರು ಎದ್ದಿರ್ತಾರೆ? ದೆಹಲಿಯಲ್ಲಿ ಹಿರಿಯರಿಗೆ ಆರೈಕೆ ಮನೆ ಆರಿಸುವ ಮುನ್ನ

ಇವತ್ತಿನ ವಿಷಯ ಸ್ವಲ್ಪ ಭಾರದ್ದು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ. ಇದು ಅವರ ಬೆನ್ನ ಹಿಂದೆ ಮಾತಾಡೋ ವಿಷಯ ಅಲ್ಲ.

ದೆಹಲಿ, ಗುರುಗ್ರಾಮ, ನೊಯ್ಡಾ, ಫರೀದಾಬಾದ್ ಕಡೆ ಇರೋ ಕನ್ನಡದವರಲ್ಲಿ ಈಗ ಒಂದು ತಲೆಮಾರು ಎಂಬತ್ತು ದಾಟಿದೆ. ಕೇಂದ್ರ ಸರ್ಕಾರದ ನೌಕರಿಗೆ ಅಂತ ಬಂದವರು, ಇಲ್ಲೇ ನಿವೃತ್ತರಾದವರು. ಊರಲ್ಲಿ ಮನೆ ಮಾರಿಯಾಗಿದೆ. ಮಕ್ಕಳು ಇಲ್ಲಿದ್ದಾರೆ, ಇಲ್ಲಾ ವಿದೇಶದಲ್ಲಿದ್ದಾರೆ. ಇವರನ್ನ ನೋಡಿಕೊಳ್ಳೋದು ಮನೆಯಲ್ಲಿ ಆಗದೇ ಹೋದಾಗ ಎಲ್ಲಿಗೆ ಸೇರಿಸೋದು, ಹೇಗೆ ಆರಿಸೋದು? ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಶುರು ಮಾಡ್ತೀನಿ.

ನಮ್ಮ ದೊಡ್ಡಮ್ಮ

ದೊಡ್ಡಮ್ಮ ಹಾಸನದ ಕಡೆಯವರು. ದೊಡ್ಡಪ್ಪನ ನೌಕರಿಯ ಜೊತೆ ಆರ್.ಕೆ. ಪುರಂ ಕ್ವಾರ್ಟರ್ಸ್‌ನಲ್ಲಿ ಬಹಳ ವರ್ಷ ಇದ್ರು, ಆಮೇಲೆ ದ್ವಾರಕಾದಲ್ಲಿ ಮಗನ ಫ್ಲ್ಯಾಟಿಗೆ ಬಂದ್ರು. ತರಕಾರಿಯವನ ಹತ್ತಿರ ಹಿಂದಿಯಲ್ಲಿ ಜಗಳ ಆಡಿ ಕೊತ್ತಂಬರಿ ಬಿಟ್ಟಿ ತರೋವಷ್ಟು ಹಿಂದಿ ಅವರಿಗೆ ಬರ್ತಿತ್ತು. ಸ್ಟ್ರೋಕ್ ಆಯ್ತು, ಮರೆವು ಹೆಚ್ಚಾಯ್ತು. ಆಗ ಮೊದಲು ಹೋಗಿದ್ದು ಆ ಹಿಂದಿ. ಕನ್ನಡ ಮಾತ್ರ ಉಳೀತು.

ಅಣ್ಣ, ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗೋರು. ಆರು ತಿಂಗಳಲ್ಲಿ ಮೂರು ಜನ ಆಯಾಗಳು ಬಂದು ಬಿಟ್ಟು ಹೋದ್ರು. ಎತ್ತಿ ಇಳಿಸಿ ಅತ್ತಿಗೆಗೆ ಬೆನ್ನು ಹಿಡೀತು. ಕೊನೆಗೆ ಗುರುಗ್ರಾಮದ ಒಂದು ಆರೈಕೆ ಮನೆ ನೋಡಿದ್ವಿ. ನಾನೂ ಜೊತೆಗೆ ಹೋಗಿದ್ದೆ. ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ. ಹೊಳೆಯೋ ನೆಲ, ಹೂಕುಂಡಗಳು, ಹಾಲ್‌ನಲ್ಲಿ ಭಜನೆ, ನಗುನಗುತ್ತಾ ಮಾತಾಡೋ ಮ್ಯಾನೇಜರ್. ಊಟದ ಪಟ್ಟಿ ನೋಡಿದ್ವಿ, ಹಾಸಿಗೆ ಒತ್ತಿ ನೋಡಿದ್ವಿ, ಸಹಿ ಹಾಕಿ ಬಂದ್ವಿ.

ಐದನೇ ವಾರ. ರಾತ್ರಿ ಸುಮಾರು ಎರಡು ಗಂಟೆಗೆ ದೊಡ್ಡಮ್ಮ "ಒಂದಕ್ಕೆ... ಒಂದಕ್ಕೆ..." ಅಂತ ಕೂಗಿದ್ದಾರೆ. ಇಡೀ ಮಹಡಿಗೆ ಒಬ್ಬಳೇ ಹುಡುಗಿ. ಅವಳಿಗೆ ಅದೇನು ಅಂತ ಗೊತ್ತಾಗಬೇಕಲ್ಲ? "ಸೋ ಜಾಓ ಅಮ್ಮಾ" ಅಂತ ಹೊದಿಕೆ ಹೊದಿಸಿ, ಇನ್ನೊಬ್ಬರ ಹತ್ತಿರ ಹೋಗಿದ್ದಾಳೆ. ದೊಡ್ಡಮ್ಮ ತಾವೇ ಎದ್ದು, ಬಚ್ಚಲ ಬಾಗಿಲಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಅಣ್ಣನಿಗೆ ಫೋನ್ ಬಂದಿದ್ದು ಬೆಳಗ್ಗೆ ಏಳಕ್ಕೆ.

ಆ ಹುಡುಗಿಯನ್ನ ಬೈದು ಏನು ಪ್ರಯೋಜನ? ನಾವು ಬೆಳಗಿನ ಹನ್ನೊಂದು ಗಂಟೆಯ ಪ್ರಶ್ನೆಗಳನ್ನೆಲ್ಲ ಕೇಳಿದ್ವಿ. ರಾತ್ರಿ ಎರಡು ಗಂಟೆಯ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇವತ್ತು ನಾನು ಹೇಳೋದು ಇಷ್ಟೇ: ಆರೈಕೆ ಮನೆಯನ್ನ ಅದರ ಹಗಲು ನೋಡಿ ಆರಿಸಬೇಡಿ, ಅದರ ರಾತ್ರಿ ನೋಡಿ ಆರಿಸಿ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಅಗತ್ಯ ಏನು ಅಂತ ಬರೆದುಕೊಳ್ಳಿ

"ವೃದ್ಧಾಶ್ರಮ" ಅನ್ನೋ ಒಂದೇ ಪದದಲ್ಲಿ ನಾವು ಮೂರು ನಾಲ್ಕು ಬೇರೆ ಬೇರೆ ಜಾಗಗಳನ್ನ ಸೇರಿಸಿಬಿಡ್ತೀವಿ. ಓಡಾಡಿಕೊಂಡಿರೋ ಹಿರಿಯರಿಗಾಗಿ ಕಟ್ಟಿದ ಫ್ಲ್ಯಾಟುಗಳು ಒಂದು ಬಗೆ. ರಾಜಸ್ಥಾನದ ಭಿವಾಡಿ ಕಡೆ, ನೊಯ್ಡಾ ಕಡೆ ಇವು ಬಂದಿವೆ. ಅಲ್ಲಿ ಮನೆ ನಿಮ್ಮದು, ಊಟ ಮತ್ತು ತುರ್ತು ಸಹಾಯ ಅವರದು. ಊಟ, ವಸತಿ ಕೊಡೋ ಆಶ್ರಮಗಳು ಎರಡನೆಯ ಬಗೆ. ದೆಹಲಿ ಸರ್ಕಾರದ ಸಮಾಜ ಕಲ್ಯಾಣ ಇಲಾಖೆ ನಡೆಸೋ ವೃದ್ಧಾಶ್ರಮಗಳೂ ಇದರಲ್ಲಿ ಬರುತ್ತವೆ. ಸ್ನಾನ, ಶೌಚ, ಔಷಧಿಗೆ ಕೈಹಿಡಿದು ಸಹಾಯ ಮಾಡೋ ಮನೆಗಳು ಮೂರನೆಯವು. ಹಾಸಿಗೆ ಹಿಡಿದವರಿಗೆ, ಮೂಗಿನ ನಳಿಕೆ ಅಥವಾ ಕ್ಯಾಥೆಟರ್ ಇರುವವರಿಗೆ, ಡಿಮೆನ್ಷಿಯಾ ಇರುವವರಿಗೆ ನರ್ಸುಗಳಿರುವ ಕೇಂದ್ರಗಳು ನಾಲ್ಕನೆಯವು. ಮೊದಲನೆಯದಕ್ಕೆ ಸೇರಬೇಕಾದವರನ್ನ ನಾಲ್ಕನೆಯದಕ್ಕೆ ಸೇರಿಸಿದರೆ ಅವರು ಕುಗ್ಗಿ ಹೋಗ್ತಾರೆ. ನಾಲ್ಕನೆಯದು ಬೇಕಾದವರನ್ನ ಎರಡನೆಯದಕ್ಕೆ ಸೇರಿಸಿದರೆ ಅಪಾಯ.

ನಿಮಗೆ ಯಾವುದು ಬೇಕು ಅಂತ ತಿಳಿಯೋದಕ್ಕೆ ಸುಲಭದ ದಾರಿ ಇದೆ. ಅಮೆರಿಕದ ಸಿಡ್ನಿ ಕಾಟ್ಜ್ ಅನ್ನೋ ವೈದ್ಯರು 1963ರಲ್ಲಿ ಪ್ರಕಟಿಸಿದ 6 ಅಂಶಗಳ ಪಟ್ಟಿಯನ್ನ ವೈದ್ಯರು ಇವತ್ತಿಗೂ ಬಳಸ್ತಾರೆ: ಸ್ನಾನ, ಬಟ್ಟೆ ಹಾಕಿಕೊಳ್ಳೋದು, ಶೌಚಕ್ಕೆ ಹೋಗೋದು, ಹಾಸಿಗೆ ಕುರ್ಚಿಯಿಂದ ಏಳೋದು, ಮಲಮೂತ್ರದ ಹಿಡಿತ, ಊಟ. ಒಂದು ವಾರ ಒಂದು ನೋಟ್‌ಬುಕ್ ಇಟ್ಟು ಬರೆಯಿರಿ. ಈ ಆರರಲ್ಲಿ ಯಾವುದನ್ನ ತಾವೇ ಮಾಡ್ತಾರೆ, ಯಾವುದಕ್ಕೆ ಕೈ ಬೇಕು? ರಾತ್ರಿಯದನ್ನ ಬೇರೆ ಬರೆಯಿರಿ. ಎಷ್ಟು ಸಲ ಏಳ್ತಾರೆ, ಯಾಕೆ ಏಳ್ತಾರೆ, ಎದ್ದಾಗ ಗೊಂದಲ ಆಗ್ತಾರಾ? ಆ ನೋಟ್‌ಬುಕ್ ತೆಗೆದುಕೊಂಡೇ ಮನೆ ನೋಡೋಕೆ ಹೋಗಿ. "ನಮ್ಮ ತಾಯಿ ರಾತ್ರಿ ನಾಲ್ಕು ಸಲ ಏಳ್ತಾರೆ, ನೀವೇನು ಮಾಡ್ತೀರಿ?" ಅಂತ ಕೇಳಿದಾಗ ಅವರು ಕೊಡೋ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತೆ.

ರಾತ್ರಿಯ ಕೈಗಳನ್ನ ಎಣಿಸಿ

"ನಮ್ಮಲ್ಲಿ ಇಪ್ಪತ್ನಾಲ್ಕು ಗಂಟೆ ನರ್ಸಿಂಗ್ ಇದೆ" ಅಂತ ಎಲ್ಲರೂ ಹೇಳ್ತಾರೆ. ಅಲ್ಲಿಗೇ ಸುಮ್ಮನಾಗಬೇಡಿ. ನರ್ಸ್ ಬೇರೆ, ಅಟೆಂಡೆಂಟ್ ಬೇರೆ. ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ಮಾಡಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುವವರು ನರ್ಸ್. ಸ್ನಾನ ಮಾಡಿಸೋದು, ಊಟ ಮಾಡಿಸೋದು, ಮಗ್ಗುಲು ಬದಲಿಸೋದು ಅಟೆಂಡೆಂಟ್ ಕೆಲಸ. ಇನ್ಸುಲಿನ್ ಎಷ್ಟು ಅಂತ ನೋಡಿ ಕೊಡೋದು, ನಳಿಕೆ ಬದಲಿಸೋದು ನರ್ಸ್ ಕೆಲಸ. ಬಿಳಿ ಕೋಟ್ ಹಾಕಿದವರೆಲ್ಲ ನರ್ಸ್ ಅಲ್ಲ.

ಹಾಗಾಗಿ ಹೀಗೆ ಕೇಳಿ: ನಿನ್ನೆ ರಾತ್ರಿ ಡ್ಯೂಟಿಯಲ್ಲಿ ಎಷ್ಟು ಜನ ಇದ್ರು? ಅವರಲ್ಲಿ ನರ್ಸ್ ಎಷ್ಟು? ಎಷ್ಟು ಹಿರಿಯರಿಗೆ? ಡ್ಯೂಟಿ ಪಟ್ಟಿ ತೋರಿಸ್ತೀರಾ? "ಇರ್ತಾರೆ" ಅನ್ನೋ ಉತ್ತರಕ್ಕಿಂತ "ನಿನ್ನೆ ಇದ್ರು" ಅನ್ನೋ ಉತ್ತರ ನಂಬಬಹುದು.

ಹಾಸಿಗೆ ಹಿಡಿದವರನ್ನ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತೆ. ಆ ಹುಣ್ಣು ಮಾಯೋದು ಬಹಳ ಕಷ್ಟ. ಒಳ್ಳೆಯ ಕಡೆ ಇದಕ್ಕೊಂದು ಚಾರ್ಟ್ ಇರುತ್ತೆ. ಅದನ್ನ ನೋಡಿ. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರ ತನಕದ ಸಾಲುಗಳು ಖಾಲಿ ಇದ್ರೆ, ಅಥವಾ ಎಲ್ಲವೂ ಒಂದೇ ಪೆನ್ನಲ್ಲಿ ಒಂದೇ ಉಸಿರಿಗೆ ತುಂಬಿದ ಹಾಗಿದ್ರೆ, ನಿಮಗೇ ಅರ್ಥ ಆಗುತ್ತೆ.

ಕನಿಷ್ಠ ಮೂರು ಸಲ ಹೋಗಿ. ಒಂದು ಸಲ ಹೇಳಿ ಹೋಗಿ. ಒಂದು ಸಲ ಊಟದ ಹೊತ್ತಿಗೆ ಹೇಳದೆ ಹೋಗಿ. ಒಂದು ಸಲ ರಾತ್ರಿ ಎಂಟರ ಮೇಲೆ ಹೋಗಿ. ಮೂತ್ರದ ವಾಸನೆ ಇದೆಯಾ, ಕರೆಗಂಟೆ ಹಾಸಿಗೆಯಿಂದ ಕೈಗೆಟಕುತ್ತಾ, ಒತ್ತಿದರೆ ಎಷ್ಟು ಹೊತ್ತಿಗೆ ಬರ್ತಾರೆ, ಎಲ್ಲರನ್ನೂ ಏಳು ಗಂಟೆಗೇ ಮಲಗಿಸಿಬಿಟ್ಟಿದ್ದಾರಾ? ಇಷ್ಟನ್ನ ನೀವೇ ಕಣ್ಣಾರೆ ನೋಡಬಹುದು. ಬೇರೆಯವರ ಖಾಸಗಿ ಸಮಯಕ್ಕೆ ತೊಂದರೆ ಅಂತ ಕೋಣೆಯೊಳಗೆ ಬಿಡದಿದ್ದರೆ ಅದು ಸರಿ. ಆದರೆ ಗೇಟಿನೊಳಗೇ ಬಿಡದಿದ್ದರೆ ಆ ಮನೆ ಬೇಡ.

ಭಾಷೆ ಕೂಡ ಒಂದು ಔಷಧಿ

ಎರಡು ಭಾಷೆ ಬಲ್ಲವರಿಗೆ ಮರೆವಿನ ಕಾಯಿಲೆ ಬಂದಾಗ ಎಷ್ಟೋ ಜನರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿ ಉಳಿಯುತ್ತೆ. ನಮ್ಮ ದೊಡ್ಡಮ್ಮನಿಗೆ ಆಗಿದ್ದೂ ಇದೇ. ಹಾಗಾಗಿ ದೆಹಲಿಯಲ್ಲಿರೋ ಕನ್ನಡದ ಹಿರಿಯರಿಗೆ ಭಾಷೆ ಅನ್ನೋದು ಊರಿನ ಹಂಬಲದ ವಿಷಯ ಮಾತ್ರ ಅಲ್ಲ, ಸುರಕ್ಷತೆಯ ವಿಷಯ. ನೋವು ಎಲ್ಲಿ ಅಂತ ಹೇಳೋಕಾಗದಿದ್ರೆ ಡಾಕ್ಟರ್ ಬಂದು ಏನು ಮಾಡ್ತಾರೆ?

ಕೆಲವು ಪದಗಳಂತೂ ದಾರಿ ತಪ್ಪಿಸುತ್ತವೆ. ದೊಡ್ಡಮ್ಮ ಊಟದ ಹೊತ್ತಲ್ಲಿ "ಬೇಡ, ಬೇಡ" ಅಂದ್ರೆ, ಅಲ್ಲಿನವರು "ಬೇಟಾ" ಅಂತ ಪ್ರೀತಿಯಿಂದ ಕರೀತಿದ್ದಾರೆ ಅಂದ್ಕೊಂಡು ಇನ್ನೊಂದು ಚಮಚ ಬಾಯಿಗಿಡ್ತಿದ್ರು. ನಗು ಬರುತ್ತೆ, ನಿಜ. ಆದರೆ ನುಂಗೋಕೆ ಕಷ್ಟ ಇರೋರಿಗೆ ಆ ಇನ್ನೊಂದು ಚಮಚ ಶ್ವಾಸನಾಳಕ್ಕೆ ಹೋದ್ರೆ ನ್ಯುಮೋನಿಯಾ ಆಗಬಹುದು.

ಎನ್‌ಸಿಆರ್‌ನಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಸಿಗೋದು ಅಪರೂಪ. ಅದಕ್ಕೆ ನಾವು ಒಂದು ಕಾರ್ಡ್ ಮಾಡಿದ್ವಿ, ನೀವೂ ಮಾಡಿ. ಎಡಗಡೆ ಕನ್ನಡ ಪದವನ್ನ ಹಿಂದಿ ಅಕ್ಷರದಲ್ಲಿ ಬರೆಯಿರಿ, ಬಲಗಡೆ ಅದರ ಹಿಂದಿ ಅರ್ಥ. ಒಂದಕ್ಕೆ: ಪೇಶಾಬ್. ಎರಡಕ್ಕೆ: ಲೆಟ್ರೀನ್. ಬೇಡ: ನಹೀ ಚಾಹಿಯೇ. ಸಾಕು: ಬಸ್. ತಲೆ ಸುತ್ತು: ಚಕ್ಕರ್. ಉಸಿರು ಕಟ್ತಾ ಇದೆ: ಸಾಂಸ್ ನಹೀ ಆ ರಹೀ. ಚಳಿ: ಠಂಡ್. ಮಗ್ಗುಲು: ಕರ್ವಟ್. ನಿಮ್ಮ ಹಿರಿಯರು ಬಳಸೋ ಪದವನ್ನೇ ಬರೆಯಿರಿ. ಧಾರವಾಡದ ಕಡೆಯವರು, ಮಂಗಳೂರಿನ ಕಡೆಯವರು ಇದನ್ನೆಲ್ಲ ಬೇರೆ ರೀತಿ ಹೇಳಬಹುದು. ಇಪ್ಪತ್ತು ಪದ ಸಾಕು. ಹಾಸಿಗೆಯ ಪಕ್ಕ ಗೋಡೆಗೆ ಅಂಟಿಸಿ, ಡ್ಯೂಟಿ ಟೇಬಲ್ ಮೇಲೆ ಇನ್ನೊಂದು ಪ್ರತಿ ಇಡಿ. ಮನೆ ನೋಡೋಕೆ ಹೋದಾಗಲೇ ಈ ಕಾರ್ಡ್ ತೋರಿಸಿ. "ಇದೆಲ್ಲ ಯಾಕೆ, ನಮಗೆ ಅಭ್ಯಾಸ ಇದೆ" ಅನ್ನೋ ಮ್ಯಾನೇಜರ್‌ಗೂ, "ಕೊಡಿ, ಹುಡುಗಿಯರಿಗೆ ಕಲಿಸ್ತೀನಿ" ಅನ್ನೋ ಮ್ಯಾನೇಜರ್‌ಗೂ ಬಹಳ ವ್ಯತ್ಯಾಸ ಇದೆ.

ಊಟದ್ದೂ ಹೀಗೇ. ಹಲ್ಲಿಲ್ಲದ ಬಾಯಿಗೆ ರೊಟ್ಟಿ, ರಾಜ್ಮಾ ಕೊಟ್ಟರೆ ಅವರು ಅರ್ಧ ಹೊಟ್ಟೆ ಉಣ್ತಾರೆ. ಮೆತ್ತಗಿನ ಅನ್ನ, ತಿಳಿಸಾರು, ಮೊಸರು ದಿನಕ್ಕೊಂದು ಹೊತ್ತಾದ್ರೂ ಸಿಗುತ್ತಾ ಕೇಳಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆಯುವಂತೆ ಹೇಳಿ. ತೂಕ ಇಳೀತಿದ್ರೆ ಊಟದ ಪಟ್ಟಿ ಎಷ್ಟು ಚೆನ್ನಾಗಿದ್ರೂ ಅರ್ಥ ಇಲ್ಲ.

ಬೆಂಕಿ, ಕರೆಂಟ್, ಚಳಿ

2023ರ ಜನವರಿ 1ರ ಬೆಳಗಿನ ಜಾವ ದಕ್ಷಿಣ ದೆಹಲಿಯ ಗ್ರೇಟರ್ ಕೈಲಾಶ್ 2ರ ಒಂದು ಹಿರಿಯರ ಆರೈಕೆ ಮನೆಯಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. ಎಲ್ಲರೂ ಮಲಗಿರೋ ಹೊತ್ತು ಅದು. ದೆಹಲಿಯಲ್ಲಿ ಇಂಥ ಎಷ್ಟೋ ಮನೆಗಳು ಮೊದಲು ವಾಸದ ಕೋಠಿಗಳಾಗಿದ್ದವು. ಕಿಟಕಿಗೆಲ್ಲ ಗ್ರಿಲ್, ಇಕ್ಕಟ್ಟಿನ ಮೆಟ್ಟಿಲು, ಪುಟ್ಟ ಲಿಫ್ಟ್. ಹಾಗಾಗಿ ಕೇಳಿ: ಫೈರ್ ಎನ್‌ಒಸಿ ಇದೆಯಾ? ಇಳಿಯೋಕೆ ಎರಡನೇ ದಾರಿ ಇದೆಯಾ? ನಡೆಯಲಾರದವರು ಯಾವ ಮಹಡಿಯಲ್ಲಿದ್ದಾರೆ? ಲಿಫ್ಟಿನೊಳಗೆ ಸ್ಟ್ರೆಚರ್ ಹಿಡಿಯುತ್ತಾ? ರಾತ್ರಿ ಬಾಗಿಲಿಗೆ ಬೀಗ ಹಾಕಿದರೆ ಕೀಲಿ ಯಾರ ಹತ್ತಿರ ಇರುತ್ತೆ?

ದೆಹಲಿಯ ನವೆಂಬರ್, ಡಿಸೆಂಬರ್, ಜನವರಿ ನಿಮಗೆ ಗೊತ್ತೇ ಇದೆ. ಹೊಗೆಮಂಜು, ಚಳಿ. ಆಕ್ಸಿಜನ್ ಕಾನ್ಸೆಂಟ್ರೇಟರ್ ಬಳಸುವವರಿದ್ದರೆ ಕರೆಂಟ್ ಹೋದಾಗ ಜನರೇಟರ್ ಎಷ್ಟು ಬೇಗ ಹತ್ತುತ್ತೆ, ಸಿಲಿಂಡರ್ ಸಿದ್ಧ ಇರುತ್ತಾ ಅಂತ ಕೇಳಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಇಡೋ ಜಾಗಕ್ಕೆ ಖಂಡಿತಾ ಬೇಡ, ಅದರ ವಿಷಗಾಳಿ ಮಲಗಿದವರನ್ನ ಎಬ್ಬಿಸದೇ ಕೊಲ್ಲುತ್ತೆ. ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು, ರಾತ್ರಿ ಅಲ್ಲಿಗೆ ಜೊತೆಗೆ ಹೋಗೋರು ಯಾರು ಅನ್ನೋದೂ ಮೊದಲೇ ತೀರ್ಮಾನ ಆಗಿರಲಿ.

ಗೇಟು ಯಾವ ರಾಜ್ಯದಲ್ಲಿದೆ?

ಎನ್‌ಸಿಆರ್ ಅಂದರೆ ಒಂದೇ ಊರು ಅನ್ನಿಸುತ್ತೆ. ಆದರೆ ಗುರುಗ್ರಾಮ, ಫರೀದಾಬಾದ್ ಹರಿಯಾಣದವು, ನೊಯ್ಡಾ, ಗಾಜಿಯಾಬಾದ್ ಉತ್ತರ ಪ್ರದೇಶದವು, ಭಿವಾಡಿ ರಾಜಸ್ಥಾನದ್ದು. ಮನೆ ಎಲ್ಲಿದೆಯೋ ಆ ರಾಜ್ಯದ ಸಮಾಜ ಕಲ್ಯಾಣ ಇಲಾಖೆ, ಆ ಜಿಲ್ಲೆಯ ಪೊಲೀಸರು. ನೋಂದಣಿ ಪತ್ರ ಕೇಳಿ, ಅದರ ಮೇಲಿನ ವಿಳಾಸ ಮತ್ತು ಅವಧಿ ನೋಡಿ.

ಯಾಕೆ ಹೇಳ್ತಿದ್ದೀನಿ ಅಂದ್ರೆ, 2025ರ ಜೂನ್‌ನಲ್ಲಿ ನೊಯ್ಡಾದ ಸೆಕ್ಟರ್ 55ರ ಒಂದು ವೃದ್ಧಾಶ್ರಮಕ್ಕೆ ಉತ್ತರ ಪ್ರದೇಶದ ಮಹಿಳಾ ಆಯೋಗದವರು, ಪೊಲೀಸರು ಹೋದಾಗ ಹಿರಿಯರನ್ನ ಕೋಣೆಗಳಲ್ಲಿ ಕೂಡಿಹಾಕಿದ್ದು, ಒಬ್ಬ ವೃದ್ಧೆಯ ಕೈ ಕಟ್ಟಿದ್ದು ಕಂಡುಬಂತು. ಸುಮಾರು 40 ಜನರಿದ್ದರು. ಅವರಲ್ಲಿ ಎಷ್ಟೋ ಜನರಿಗೆ ಮಕ್ಕಳಿದ್ದರು, ದುಡ್ಡೂ ಕಟ್ಟುತ್ತಿದ್ದರು ಅಂತ ವರದಿಗಳು ಬಂದವು. ದುಡ್ಡು ಕಟ್ಟಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯೋದಿಲ್ಲ. ಯಾರಾದರೂ ಒಬ್ಬರು ಹೇಳದೇ ಕೇಳದೇ ಹೋಗಿ ಬರ್ತಾ ಇರಬೇಕು. ಮಕ್ಕಳು ವಿದೇಶದಲ್ಲಿದ್ರೆ ಇಲ್ಲಿರೋ ನೆಂಟರಿಗೋ, ಸ್ನೇಹಿತರಿಗೋ, ಕರ್ನಾಟಕ ಸಂಘದಲ್ಲಿ ಪರಿಚಯ ಇರೋರಿಗೋ ಈ ಕೆಲಸ ಒಪ್ಪಿಸಿ.

ತುರ್ತು ಇದ್ದರೆ 112. ಹಿರಿಯರಿಗಾಗಿಯೇ ಇರೋ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್, ಸಂಖ್ಯೆ 14567. ಈ ಎರಡು ನಂಬರನ್ನ ಹಿರಿಯರ ಫೋನಿನಲ್ಲೇ ಹಾಕಿಕೊಡಿ.

ಕಾಗದ, ಕಾಸು

ಸಹಿ ಹಾಕೋ ಮುಂಚೆ ಒಪ್ಪಂದವನ್ನ ಮನೆಗೆ ತಂದು ಓದಿ. ಡೆಪಾಸಿಟ್ ಎಷ್ಟು, ಬಿಟ್ಟು ಹೋದರೆ ಅಥವಾ ತೀರಿಕೊಂಡರೆ ಎಷ್ಟು ದಿನದಲ್ಲಿ ವಾಪಸ್? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಫೀಸ್ ಇದೆಯಾ? ಡಯಾಪರ್, ಫಿಸಿಯೋಥೆರಪಿ, ಆಸ್ಪತ್ರೆಗೆ ಜೊತೆ ಬರೋದು ಫೀಸಿನೊಳಗಾ, ಹೊರಗಾ? ವರ್ಷಕ್ಕೆ ಎಷ್ಟು ಏರಿಸ್ತಾರೆ? ಆರೋಗ್ಯ ಕೆಟ್ಟರೆ ಇಲ್ಲೇ ಇಟ್ಕೊಳ್ತಾರಾ, ಕರೆದುಕೊಂಡು ಹೋಗಿ ಅಂತಾರಾ? ಕೊನೆಯ ಪ್ರಶ್ನೆಯನ್ನ ನಾವು ಕೇಳೋಕೆ ಹೆದರ್ತೀವಿ. ಆದರೆ ಅದೇ ಮುಖ್ಯ.

ಆಯುಷ್ಮಾನ್ ಭಾರತ್ ಯೋಜನೆಯನ್ನ 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವಿಸ್ತರಿಸಿದ್ದಾರೆ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ಅದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಆರೈಕೆ ಮನೆಯ ತಿಂಗಳ ಫೀಸಿಗೆ ಬರೋದಿಲ್ಲ. ಸಿಜಿಎಚ್‌ಎಸ್ ಕಾರ್ಡ್ ಇರೋ ನಿವೃತ್ತರು ಎರಡರಲ್ಲಿ ಒಂದನ್ನ ಆರಿಸಬೇಕು. ಹೊಸ ಮನೆಯ ಹತ್ತಿರ ನಿಮ್ಮ ಕಾರ್ಡ್ ನಡೆಯೋ ಆಸ್ಪತ್ರೆ ಇದೆಯಾ ನೋಡಿ. ಪಿಂಚಣಿ ಇದ್ದರೆ ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡಿಸೋದು ಯಾರು ಅಂತ ಬರೆದಿಡಿ. ಕೇಂದ್ರದ ಪಿಂಚಣಿದಾರರು 80 ದಾಟಿದ್ದರೆ ಅಕ್ಟೋಬರ್‌ನಿಂದಲೇ ಕೊಡಬಹುದು.

ಇನ್ನು, ತಮಗಾಗಿ ತಾವೇ ಮನೆ ಹುಡುಕ್ತಿರೋ ಹಿರಿಯರಿಗೆ ಎರಡು ಮಾತು. ನಿಮ್ಮ ಫ್ಲ್ಯಾಟ್ ಅಂದರೆ ನಿಮ್ಮ ಮುಂದಿನ ಆರೈಕೆಯ ದುಡ್ಡು. ಮಕ್ಕಳ ಹೆಸರಿಗೆ ದಾನಪತ್ರ ಮಾಡೋದಾದರೆ "ನನ್ನನ್ನು ನೋಡಿಕೊಳ್ಳಬೇಕು" ಅನ್ನೋ ಷರತ್ತು ಆ ಪತ್ರದಲ್ಲೇ ಇರಲಿ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ದಾನ ರದ್ದು ಮಾಡಿಸಿಕೊಳ್ಳಬಹುದು. ಮಗನಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೀನಿ, ಎಲ್ಲ ಸರಿಹೋಗುತ್ತೆ ಅಂದ್ಕೊಳ್ಳಬೇಡಿ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಸಾಮಾನ್ಯ ಪವರ್ ಆಫ್ ಅಟಾರ್ನಿ ನಿಂತುಹೋಗುತ್ತೆ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡೋಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ. 2023ರಲ್ಲಿ ಅದನ್ನ ಸುಲಭ ಮಾಡಿದೆ: ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ಚೆನ್ನಾಗಿರುವಾಗಲೇ ಇದನ್ನೆಲ್ಲ ಮಾಡಿಡಿ.

ಕೊನೆಯದಾಗಿ

"ಅಮ್ಮನ್ನ ಆಶ್ರಮಕ್ಕೆ ಹಾಕಿದ್ರಂತೆ" ಅನ್ನೋ ಮಾತು ಅತ್ತಿಗೆಯ ಕಿವಿಗೆ ಬಿತ್ತು. ಹಾಗಂದವರಲ್ಲಿ ಒಬ್ಬರೂ ಒಂದು ರಾತ್ರಿ ಬಂದು ದೊಡ್ಡಮ್ಮನ ಪಕ್ಕ ಮಲಗಿದವರಲ್ಲ. ಅದಕ್ಕೇ ಆ ಮಾತಿಗೆ ನಾನು ಜಾಸ್ತಿ ಬೆಲೆ ಕೊಡಲ್ಲ. ಸೇರಿಸಿದ್ದು ತಪ್ಪಾಗಿರಲಿಲ್ಲ. ದೊಡ್ಡಮ್ಮನನ್ನ ಕೇಳದೇ, ಒಂದೇ ಭಾನುವಾರ ನೋಡಿ ಸೇರಿಸಿದ್ದು ತಪ್ಪಾಗಿತ್ತು.

ಆಪರೇಷನ್ ಆದ ಮೇಲೆ ಇನ್ನೊಂದು ಕಡೆ ನೋಡಿದ್ವಿ. ಈ ಸಲ ಎರಡು ವಾರ ಪ್ರಯೋಗಕ್ಕೆ ಅಂತ ಸೇರಿಸಿ, ಅಣ್ಣ ದಿನಾ ಒಂದೊಂದು ಹೊತ್ತಲ್ಲಿ ಹೋಗಿ ಬಂದ. ಕಟ್ಟಡ ಹಳೆಯದು, ಹೂಕುಂಡ ಇರಲಿಲ್ಲ. ರಾತ್ರಿ ಇಬ್ಬರು ಇರ್ತಿದ್ರು. ಗೋಡೆಯ ಮೇಲೆ ನಮ್ಮ ಕಾರ್ಡ್ ಇತ್ತು. ಮೂರನೇ ದಿನ ಜಾರ್ಖಂಡ್ ಕಡೆಯ ಅಟೆಂಡೆಂಟ್ ಹುಡುಗಿ ದೊಡ್ಡಮ್ಮನ ಹತ್ತಿರ ಬಗ್ಗಿ, "ಅಮ್ಮಾ, ಒಂದಕ್ಕೆ?" ಅಂತ ಕೇಳಿದಳಂತೆ. ದೊಡ್ಡಮ್ಮ "ಹೂಂ ಕಣೇ" ಅಂದ್ರಂತೆ. ಅಣ್ಣ ಆವತ್ತೇ ಒಪ್ಪಂದಕ್ಕೆ ಸಹಿ ಹಾಕಿದ.

ನೀವು ಮನೆ ನೋಡೋಕೆ ಹೋಗ್ತಿದ್ರೆ ಆ ನೋಟ್‌ಬುಕ್ಕು, ಆ ಕಾರ್ಡು ಎರಡೂ ಕೈಯಲ್ಲಿರಲಿ. ಸಾಧ್ಯವಾದರೆ ಯಾರಿಗಾಗಿ ನೋಡ್ತಿದ್ದೀರೋ ಅವರೂ ಜೊತೆಗಿರಲಿ.